ಎಂಜಲು

ಗ್ರಿಮ್ಸ್‌ಬಿಯಲ್ಲಿ ಜನವರಿ. ಶಾಲೆಯ ಬಾಯ್ಲರ್ ಕೆಟ್ಟು ಮೂರು ದಿನ.
ಕೋಟು ಬಿಚ್ಚದೆ ನಿಂತಿದ್ದಾರೆ ಎಲ್ಲರೂ, ಬಾಯಿಂದ ಹೊಗೆ.
ಲ್ಯಾಬ್ ಸಹಾಯಕಿ ನಾನು. ಬೆಳಿಗ್ಗೆ ಏಳಕ್ಕೇ ಬಂದು
ಪಿಷ್ಟ ಕದಡಿ ಕಾಯಿಸುವುದು, ಅಯೋಡಿನ್ ಅಳೆಯುವುದು,
ಇಪ್ಪತ್ತೆಂಟು ಮಕ್ಕಳ ಮುಂದೆ ಒಂದೊಂದು ಕಾಗದದ ಲೋಟ ಇಟ್ಟು
‘ಉಗುಳಿ’ ಅನ್ನುವುದು ನನ್ನ ಕೆಲಸ.

ಎಂಜಲು.
ಅಜ್ಜಿ ಕಂಡಿದ್ದರೆ ತನ್ನ ತಲೆಗೊಂದು ಕೊಡ ನೀರು,
ನನ್ನ ತಲೆಗೆ ಎರಡು.
ಅವಳಿಗೇನು ಗೊತ್ತು,
ತುತ್ತನ್ನ ಮೂವತ್ತೆರಡು ಸಲ ಅಗಿ ಕಣೇ, ತಾನೇ ಸಿಹಿಯಾಗುತ್ತೆ
ಅಂತ ಬಾಯಿಪಾಠ ಮಾಡಿಸಿದ್ದು
ಇದನ್ನೇ ಅಂತ.

ಓಲ್ಡ್‌ರಾಯ್ಡ್ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು:
ಐಸು. ಮೂವತ್ತೇಳು ಡಿಗ್ರಿ. ಕುದಿಸಿದ್ದು.
ಕೊನೆಗೆ ವಿನೆಗರ್. ಮೂಲೆಯ ಮೀನಿನಂಗಡಿಯಿಂದ ತಾವೇ ತಂದದ್ದು,
ಮುಚ್ಚಳ ತೆಗೆದದ್ದೇ ತಡ
ಇಡೀ ತರಗತಿಗೆ ಬಿಸಿ ಚಿಪ್ಸಿನ ನೆನಪಾಗಿ ಬಾಯಲ್ಲಿ ನೀರು.
ಎಂಜಲಿಗಂತೂ ಬರವಿಲ್ಲ.

ಬಿಳಿ ಪಿಂಗಾಣಿಯ ಹಲಗೆ, ಸಾಲು ಸಾಲು ಗುಳಿ,
ಥೇಟ್ ಅಳಗುಳಿಮಣೆ.
ಹುಣಸೆಬೀಜದ ಬದಲು ಒಂದೊಂದು ಹನಿ ಅಯೋಡಿನ್.
ಅರ್ಧ ನಿಮಿಷಕ್ಕೊಂದು ಗುಳಿ ತುಂಬಬೇಕು.
ಮೂವತ್ತೇಳರದ್ದು: ಕಪ್ಪು, ಕಪ್ಪು, ಮಸಕು,
ಆಮೇಲೆ ಹಾಲಿಲ್ಲದ ಚಹಾದ ಬಣ್ಣ. ಪಿಷ್ಟ ಖಾಲಿ.
ಮಕ್ಕಳು ಹೋ ಎಂದರು.
ವಿನೆಗರಿನದು ಕೊನೆಯ ಗುಳಿಯವರೆಗೂ ಕಪ್ಪು.
ಕುದಿಸಿದ್ದೂ ಕಪ್ಪು.
ಐಸಿನದೂ ಕಪ್ಪೇ.

ಡೆಕ್ಲನ್ ಬರೆದ: ಐಸಿನಲ್ಲಿ ಕಿಣ್ವ ಸತ್ತಿತು.

ಪಾಠ ಹೇಳುವುದು ನನ್ನ ಕೆಲಸವಲ್ಲ. ಸಂಬಳವೂ ಅದಕ್ಕಲ್ಲ.
ನಳಿಕೆಯನ್ನು ಐಸಿನಿಂದೆತ್ತಿ, ಬಾಯಿಗೆ ಬಿರಡೆ ಹಾಕಿ
ಅವನ ಮುಷ್ಟಿಗಿಟ್ಟೆ. ಹಿಡಕೋ.
ಅವನೋ, ಜಾಕೆಟ್ಟಿನೊಳಗೆ ಕಂಕುಳಿಗೆ ಸೇರಿಸಿ
ಕಾವಿಗೆ ಕೂತ ಕೋಳಿಯ ಹಾಗೆ ಕೂತುಬಿಟ್ಟ.
ಎಂಟು ನಿಮಿಷ: ಕಪ್ಪು.
ಹನ್ನೆರಡು: ಕಪ್ಪಿಗೊಂದು ನೇರಳೆ ಅಂಚು.
ಊಟದ ಗಂಟೆ ಹೊಡೆದು ಎಲ್ಲರೂ ಓಡಿದ ಮೇಲೆ
ಇನ್ನೊಂದು ಹನಿ:
ಚಹಾ.

‘ಅಪ್ಪನ ಥರ’ ಅಂದ.
ಆ ವರ್ಷ ನಾನವನ ದನಿ ಕೇಳಿದ್ದು ಅದೇ ಮೊದಲು.
ಮೀನಿನ ಕೋಲ್ಡ್ ಸ್ಟೋರಿನಲ್ಲಿ ರಾತ್ರಿ ಪಾಳಿಯಂತೆ.
ಬೆಳಿಗ್ಗೆ ಬಂದು ಅಡುಗೆಮನೆಯಲ್ಲಿ ಕೂತರೆ ಹೂಂ ಇಲ್ಲ, ಉಹೂಂ ಇಲ್ಲ;
ಎರಡು ಮಗ್ ಟೀ ಇಳಿದ ಮೇಲೆ
ಫುಟ್‌ಬಾಲ್ ಶುರು, ಬೈಗುಳ ಶುರು.

ಆಮೇಲೆ, ಕೇಳದೆಯೇ,
ಕುದಿಸಿದ ನಳಿಕೆಯನ್ನು ಇನ್ನೊಂದು ಕಂಕುಳಿಗೆ ಸೇರಿಸಿದ.
ಹೇಳಬಹುದಿತ್ತು ನಾನು:
ಅದರ ಮಡಿಕೆಗಳೆಲ್ಲ ಬಿಚ್ಚಿಹೋಗಿವೆ, ಬೀಗಕ್ಕಿನ್ನು ಆ ಕೀಲಿ ಕೂಡದು,
ಬೆಂದ ಮೊಟ್ಟೆಯನ್ನು ಯಾರು ಮತ್ತೆ ಲೋಳೆ ಮಾಡಿಯಾರು.
ಹೇಳಲಿಲ್ಲ. ಹಲಗೆ ತೊಳೆದು ಮತ್ತೆ ಅವನ ಮುಂದಿಟ್ಟೆ.
ಹನಿ. ಕಪ್ಪು.
ಹನಿ. ಕಪ್ಪು.
ಹನಿ.
ಗುಳಿಗಳು ಮುಗಿದವು. ಅವನ ಊಟದ ಹೊತ್ತೂ.

ನಳಿಕೆಯನ್ನು ತಾನೇ ಸ್ಟ್ಯಾಂಡಿಗಿಟ್ಟು
‘ಸತ್ತಿತು’ ಎಂಬುದನ್ನು ಐಸಿನ ಸಾಲಿನಿಂದ ಹೊಡೆದುಹಾಕಿ
ಕೆಳಗಿನ ಸಾಲಿಗೆ ಬರೆದ.
ಮೇಲೆ ಉಳಿದ ಜಾಗದಲ್ಲಿ ಬರೆದ ಪದ
ನನ್ನ ನುಡಿಯಲ್ಲಾದರೆ, ಕಾಯುತ್ತಿತ್ತು.
ದಾರಿ ನೋಡುವುದಕ್ಕೂ ಅದೇ ಮಾತು, ಬಿಸಿಯೇರುವುದಕ್ಕೂ ಅದೇ.
ಅವನಿಗಿದನ್ನು ಹೇಗೆ ಹೇಳುವುದು, ಬಿಟ್ಟೆ.

ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ:
ಕಿಣ್ವಗಳು ಕಾಯುವುದಿಲ್ಲ. ನಿಷ್ಕ್ರಿಯ ಎಂದು ಬರೆ.
ಸರಿಯೇ. ಪರೀಕ್ಷೆಯಲ್ಲಿ ಅದಕ್ಕೇ ಅಂಕ.

ಲೋಟಗಳನ್ನೆಲ್ಲ ಬ್ಲೀಚಿನಲ್ಲಿ ಮುಳುಗಿಸಿ, ಕೈ ಎರಡು ಸಲ ತೊಳೆದು
ಡಬ್ಬಿ ಬಿಚ್ಚಿದೆ. ತಣ್ಣನೆ ಅನ್ನ.
ಒಂದು ತುತ್ತು. ಎಣಿಸಿದೆ.
ಹತ್ತೊಂಬತ್ತಕ್ಕೆ ಬಂದಿದ್ದೆ,
ಬಾಯ್ಲರಿನವನು ಬಾಗಿಲು ತಟ್ಟಿದ.